ಮೇಜು ಸರ್ಕಾರದ್ದು, ಡ್ರಾಯರಿನೊಳಗಿನ ಕಾಗದ ಯಾರದ್ದು? ನ್ಯಾಪಾ ಆಸ್ಪತ್ರೆಯ ಶೋಧ ಪ್ರಕರಣ

ಕೆಲಸದ ಜಾಗದಲ್ಲಿ ನೌಕರರ ವಸ್ತುಗಳನ್ನು ಶೋಧಿಸುವ ಹಕ್ಕು ಮಾಲೀಕರಿಗೆ ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಅಮೆರಿಕದ ವಕೀಲರು ಮೊದಲು ಹೇಳುವ ಹೆಸರು ‘ಓ'ಕಾನರ್ ವಿರುದ್ಧ ಒರ್ಟೆಗಾ’. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಸರ್ಕಾರಿ ಕಚೇರಿಯಲ್ಲಿ ಮೇಲಧಿಕಾರಿ ನೌಕರನ ಮೇಜು, ಫೈಲುಗಳನ್ನು ತಪಾಸಣೆ ಮಾಡಲು ವಾರಂಟ್ ಬೇಕಿಲ್ಲ ಎಂದು ಆ ತೀರ್ಪು ಹೇಳಿತು ಅಂತ ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಸಾಲು ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಅದೇ ಮೊಕದ್ದಮೆ ಮತ್ತೆ ಹನ್ನೊಂದು ವರ್ಷ ನಡೆದು, ಕೊನೆಗೆ ಗೆದ್ದದ್ದು ಆಸ್ಪತ್ರೆಯ ಅಧಿಕಾರಿಗಳಲ್ಲ, ಶೋಧಕ್ಕೆ ಗುರಿಯಾದ ವೈದ್ಯ ಒರ್ಟೆಗಾ. ಕಾನೂನು ಇಷ್ಟು ಸಡಿಲವಾಗಿದ್ದರೂ ಅಧಿಕಾರಿಗಳು ಸೋತದ್ದು ಹೇಗೆ ಎಂಬುದೇ ಈ ಪ್ರಕರಣದಲ್ಲಿ ತಿಳಿಯಬೇಕಾದ ವಿಷಯ.

ನಡೆದದ್ದು

ನ್ಯಾಪಾ ಸ್ಟೇಟ್ ಆಸ್ಪತ್ರೆ ಕ್ಯಾಲಿಫೋರ್ನಿಯಾ ರಾಜ್ಯ ನಡೆಸುವ ಮನೋರೋಗ ಚಿಕಿತ್ಸಾಲಯ. ಆ ವೈದ್ಯರು ಅಲ್ಲಿ ಹದಿನೇಳು ವರ್ಷ ಕೆಲಸ ಮಾಡಿದ್ದರು. ಮನೋವೈದ್ಯರಾಗಲು ಬಂದ ಕಿರಿಯ ವೈದ್ಯರಿಗೆ ತರಬೇತಿ ಕೊಡುವ ವಿಭಾಗದ ಮುಖ್ಯಸ್ಥರು ಅವರೇ. 1981ರ ಜುಲೈನಲ್ಲಿ ಆಸ್ಪತ್ರೆಯ ಕಾರ್ಯನಿರ್ವಾಹಕ ನಿರ್ದೇಶಕರಿಗೆ ತರಬೇತಿ ವಿಭಾಗದ ವ್ಯವಹಾರದ ಬಗ್ಗೆ ಅನುಮಾನ ಹುಟ್ಟಿತು. ವಿಭಾಗಕ್ಕೆ ಒಂದು ಆಪಲ್ ಟೂ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಹಣ ಹಾಕಿದ ಕಿರಿಯ ವೈದ್ಯರು ಮನಸಾರೆ ಕೊಟ್ಟರೋ, ಒತ್ತಡಕ್ಕೆ ಮಣಿದು ಕೊಟ್ಟರೋ ಎಂಬುದು ಒಂದು ಪ್ರಶ್ನೆ. ಆಸ್ಪತ್ರೆಯ ಇಬ್ಬರು ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳ ಕೊಟ್ಟರು, ಒಬ್ಬ ಕಿರಿಯ ವೈದ್ಯರ ಮೇಲೆ ಸಲ್ಲದ ಶಿಸ್ತುಕ್ರಮ ಜರುಗಿಸಿದರು ಎಂಬ ಆರೋಪಗಳೂ ಇದ್ದವು.

ಜುಲೈ 30ರಂದು ನಿರ್ದೇಶಕರು ವೈದ್ಯರಿಗೆ ಸಂಬಳಸಹಿತ ರಜೆಯ ಮೇಲೆ ಹೋಗುವಂತೆ ಕೇಳಿದರು. ಮೊದಲ ಎರಡು ವಾರವನ್ನು ಅವರ ಕೋರಿಕೆಯಂತೆ ಮಾಮೂಲಿ ರಜೆ ಎಂದೇ ಬರೆದುಕೊಳ್ಳಲಾಯಿತು. ಆಗಸ್ಟ್ 14ಕ್ಕೆ, ತನಿಖೆ ಇನ್ನೂ ಮುಗಿದಿಲ್ಲ, ಇನ್ನು ಮುಂದೆ ನೀವು ಆಡಳಿತಾತ್ಮಕ ರಜೆಯಲ್ಲಿರುತ್ತೀರಿ ಎಂಬ ಸೂಚನೆ ಬಂತು. ಸೆಪ್ಟೆಂಬರ್ 22ರಂದು ಅವರನ್ನು ಕೆಲಸದಿಂದ ತೆಗೆದರು.

ಶೋಧ ನಡೆದದ್ದು ಈ ನಡುವಿನ ದಿನಗಳಲ್ಲಿ, ಅವರು ಕೋಣೆಯಲ್ಲಿಲ್ಲದಾಗ. ತನಿಖಾ ತಂಡದಲ್ಲಿ ಆಸ್ಪತ್ರೆಯ ಒಬ್ಬ ಆಡಳಿತಾಧಿಕಾರಿ, ಒಬ್ಬ ಲೆಕ್ಕಿಗ, ಒಬ್ಬ ವೈದ್ಯ, ಒಬ್ಬ ಭದ್ರತಾ ಅಧಿಕಾರಿ ಇದ್ದರು. ಒಂದೇ ಸಲ ಹೋಗಿ ಬಂದದ್ದಲ್ಲ, ಕೋಣೆಗೆ ಹಲವು ಸಲ ಹೊಕ್ಕರು. ಮೇಜಿನ ಡ್ರಾಯರು, ಫೈಲುಗಳ ಬೀರು ಎಲ್ಲವನ್ನೂ ಜಾಲಾಡಿದರು. ಆ ಮೇಜನ್ನಾಗಲಿ ಬೀರುವನ್ನಾಗಲಿ ಬೇರೆ ಯಾರೂ ಬಳಸುತ್ತಿರಲಿಲ್ಲ. ಹದಿನೇಳು ವರ್ಷ ಒಬ್ಬರೇ ಕೂತ ಕೋಣೆಯಲ್ಲಿ ಏನಿರುತ್ತದೋ ಅದೆಲ್ಲ ಅಲ್ಲಿತ್ತು: ಸ್ವಂತದ ಪತ್ರಗಳು, ಆಸ್ಪತ್ರೆಗೆ ಸಂಬಂಧವಿಲ್ಲದ ಖಾಸಗಿ ರೋಗಿಗಳ ಕಾಗದಗಳು, ಹಣಕಾಸಿನ ದಾಖಲೆ, ಪಾಠದ ಟಿಪ್ಪಣಿ, ಯಾರೋ ಕೊಟ್ಟ ಉಡುಗೊರೆಗಳು. ಕಿರಿಯ ವೈದ್ಯರಿಗೆ ಸಂಬಂಧಿಸಿದ ಅಧಿಕೃತ ಫೈಲುಗಳಿದ್ದದ್ದು ಮಾತ್ರ ಕೋಣೆಯ ಹೊರಗೆ. ತನಿಖೆಯ ವಿಷಯವೇ ತರಬೇತಿ ವಿಭಾಗ, ಅದರ ಕಾಗದಗಳೋ ಹೊರಗೆ, ಶೋಧ ಒಳಗೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ತಂಡ ಎತ್ತಿಕೊಂಡು ಹೋದ ವಸ್ತುಗಳಲ್ಲಿ ಒಂದು ವ್ಯಾಲೆಂಟೈನ್ ದಿನದ ಕಾರ್ಡು, ಒಂದು ಫೋಟೊ, ಒಂದು ಕವನ ಸಂಕಲನ ಇದ್ದವು. ಮೂರನ್ನೂ ಹಿಂದೆ ಅಲ್ಲಿ ತರಬೇತಿ ಪಡೆದಿದ್ದ ಒಬ್ಬರು ಕಳಿಸಿದ್ದರು. ಅವರೇ ಮುಂದೆ ರಾಜ್ಯದ ಸಿಬ್ಬಂದಿ ಮಂಡಳಿಯ ವಿಚಾರಣೆಯಲ್ಲಿ ವೈದ್ಯರ ಪರವಾಗಿ ಸಾಕ್ಷಿ ಹೇಳಿದಾಗ, ಆ ಸಾಕ್ಷ್ಯ ನಂಬುವಂಥದ್ದಲ್ಲ ಎಂದು ತೋರಿಸಲು ಇದೇ ಕಾರ್ಡು, ಫೋಟೊಗಳನ್ನು ಬಳಸಲಾಯಿತು. ಖಾಸಗಿ ರೋಗಿಯೊಬ್ಬರ ಬಿಲ್ಲಿನ ಕಾಗದಗಳೂ ತಂಡದ ಕೈಸೇರಿದ್ದವು.

ಉಳಿದದ್ದನ್ನು ಏನು ಮಾಡಿದರು? ಕೋಣೆಯಲ್ಲಿರುವ ಸರ್ಕಾರಿ ಸ್ವತ್ತಿನ ಪಟ್ಟಿ ಮಾಡಲು ಹೋದೆವು ಎಂಬುದು ಆಸ್ಪತ್ರೆಯ ಸಮರ್ಥನೆಯಾಗಿತ್ತು. ಆದರೆ ಪಟ್ಟಿ ಎಂಬುದು ತಯಾರಾಗಲೇ ಇಲ್ಲ. ಸರ್ಕಾರದ್ದು ಯಾವುದು, ವೈದ್ಯರದ್ದು ಯಾವುದು ಎಂದು ವಿಂಗಡಿಸುವುದು ದೊಡ್ಡ ಕೆಲಸವಾದ್ದರಿಂದ ಅದನ್ನು ಕೈಬಿಟ್ಟು, ಎಲ್ಲವನ್ನೂ ಪೆಟ್ಟಿಗೆಗಳಿಗೆ ತುಂಬಿಸಿಟ್ಟೆವು ಎಂದು ತಂಡದವರೇ ಒಪ್ಪಿಕೊಂಡರು. ಕೆಲಸ ಬಿಟ್ಟು ಹೋದವರ ಕೋಣೆಯ ಸ್ವತ್ತನ್ನು ಪಟ್ಟಿ ಮಾಡುವ ರೂಢಿ ಆಸ್ಪತ್ರೆಯಲ್ಲಿತ್ತು, ನಿಜ. ಆದರೆ ಶೋಧದ ಹೊತ್ತಿಗೆ ಈ ವೈದ್ಯರು ಕೆಲಸ ಬಿಟ್ಟವರಲ್ಲ, ರಜೆಯಲ್ಲಿದ್ದವರು.

ಸುಪ್ರೀಂ ಕೋರ್ಟಿನವರೆಗೆ

ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಸರ್ಕಾರ ನಡೆಸುವ ಅಕಾರಣ ಶೋಧ ಮತ್ತು ಜಪ್ತಿಯಿಂದ ಜನರಿಗೆ ರಕ್ಷಣೆ ಕೊಡುತ್ತದೆ. ಆಸ್ಪತ್ರೆ ಸರ್ಕಾರದ್ದು, ಅಲ್ಲಿನ ಅಧಿಕಾರಿಗಳು ಸರ್ಕಾರದ ಕೈಗಳು. ಆದ್ದರಿಂದ ತಮ್ಮ ಸಂವಿಧಾನಬದ್ಧ ಹಕ್ಕಿಗೆ ಧಕ್ಕೆಯಾಗಿದೆ ಎಂದು ವೈದ್ಯರು ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯ ವಿಚಾರಣೆಯನ್ನೇ ನಡೆಸದೆ ಆಸ್ಪತ್ರೆಯ ಪರ ತೀರ್ಪು ಕೊಟ್ಟಿತು. ಸರ್ಕಾರಿ ಸ್ವತ್ತನ್ನು ಕಾಪಾಡಲು ಶೋಧ ಬೇಕಿತ್ತು ಎಂಬ ವಾದ ಅದಕ್ಕೆ ಸಾಕೆನಿಸಿತು. ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುವುಮುರುವು ಮಾಡಿತು. ಇಲ್ಲಿ ಸೋತ ಅಧಿಕಾರಿಗಳು ಸುಪ್ರೀಂ ಕೋರ್ಟಿಗೆ ಹೋದರು.

1987ರ ಮಾರ್ಚ್ 31ರ ತೀರ್ಪು ಐದಕ್ಕೆ ನಾಲ್ಕು ಮತಗಳಿಂದ ಬಂತು. ನಾಲ್ವರು ನ್ಯಾಯಮೂರ್ತಿಗಳ ಪರವಾಗಿ ಬರೆದವರು ಸಾಂಡ್ರಾ ಡೇ ಓ'ಕಾನರ್. ಪ್ರಕರಣದ ಹೆಸರಿನಲ್ಲಿರುವ ಓ'ಕಾನರ್ ಆಸ್ಪತ್ರೆಯ ನಿರ್ದೇಶಕರು, ಇಬ್ಬರೂ ಬೇರೆ ಬೇರೆ. ಐದನೆಯವರಾದ ನ್ಯಾಯಮೂರ್ತಿ ಸ್ಕಾಲಿಯಾ ಫಲಿತಾಂಶಕ್ಕೆ ಮಾತ್ರ ಒಪ್ಪಿ, ಕಾರಣಗಳನ್ನು ಪ್ರತ್ಯೇಕವಾಗಿ ಬರೆದರು. ಹೀಗಾಗಿ ಕಾರಣಗಳ ವಿಷಯದಲ್ಲಿ ಬಹುಮತ ಎಂಬುದೇ ಇಲ್ಲದ ತೀರ್ಪು ಇದು. ಈ ಬಿರುಕು ಸಣ್ಣದೆನಿಸಿದರೂ ಇಂದಿಗೂ ಉಳಿದಿದೆ.

ಮೇಜು, ಬೀರು ಸರ್ಕಾರದ್ದೇ ಆಗಿರಬಹುದು. ಹಾಗಿದ್ದರೂ ಅವುಗಳೊಳಗಿನ ಕಾಗದಗಳ ಬಗ್ಗೆ ಖಾಸಗಿತನವನ್ನು ನಿರೀಕ್ಷಿಸುವ ಹಕ್ಕು ಈ ವೈದ್ಯರಿಗಿತ್ತು. ಇದನ್ನು ಒಂಬತ್ತೂ ನ್ಯಾಯಮೂರ್ತಿಗಳು ಒಪ್ಪಿದರು. ‘ನನ್ನ ಮೇಜು, ನಾನು ತೆರೆಯುತ್ತೇನೆ’ ಎಂಬ ಮಾಲೀಕನ ವಾದಕ್ಕೆ ಅಲ್ಲಿಗೇ ತೆರೆ ಬಿತ್ತು. ಈ ಭಾಗವನ್ನು ಜನ ಮರೆತೇಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ತೀರ್ಪಿನ ಅತಿ ಗಟ್ಟಿಯಾದ ಭಾಗ ಇದೇ.

ಆದರೆ ಈ ನಿರೀಕ್ಷೆ ಎಲ್ಲ ಕಚೇರಿಗೂ ಒಂದೇ ಸಮನಲ್ಲ ಎಂದು ನಾಲ್ವರು ಹೇಳಿದರು. ಸಹೋದ್ಯೋಗಿಗಳು, ಸಾರ್ವಜನಿಕರು ಸದಾ ಓಡಾಡುವ ಜಾಗದಲ್ಲಿ ಖಾಸಗಿತನ ಎಂಬುದೇ ಇಲ್ಲದಿರಬಹುದು. ಆಯಾ ಕಚೇರಿ ದಿನನಿತ್ಯ ನಡೆಯುವ ರೀತಿಯನ್ನು ನೋಡಿ ಪ್ರಕರಣಕ್ಕೊಂದು ತೀರ್ಮಾನ ಮಾಡಬೇಕು ಎಂದರು. ಖಾಸಗಿ ವಸ್ತು ಬೇರೆಯವರ ಕಣ್ಣಿಗೆ ಬೀಳಬಾರದು ಎನ್ನುವ ನೌಕರ ಅದನ್ನು ಮನೆಯಲ್ಲೇ ಬಿಟ್ಟು ಬರಬಹುದಲ್ಲ ಎಂಬ ಮಾತೂ ಅವರ ಬರಹದಲ್ಲಿದೆ. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಇದನ್ನು ಒಪ್ಪಲಿಲ್ಲ. ದುಡಿಯುವ ಜನ ಹಗಲಿನ ಬಹುಪಾಲನ್ನು, ಎಷ್ಟೋ ಸಂಜೆಗಳನ್ನು ಕೆಲಸದ ಜಾಗದಲ್ಲೇ ಕಳೆಯುತ್ತಾರೆ, ಕೆಲಸ ಮತ್ತು ಸ್ವಂತ ಬದುಕಿನ ನಡುವೆ ನೇರ ಗೆರೆ ಎಳೆಯಲು ಬರುವುದಿಲ್ಲ ಎಂದು ಅವರು ಬರೆದರು. ಬ್ಲ್ಯಾಕ್‌ಮನ್ ಹೇಳಿದ್ದೇ ಸರಿ. ಔಷಧಿ ಚೀಟಿ, ಬ್ಯಾಂಕಿನ ಕಾಗದ, ಮನೆಯಿಂದ ಬಂದ ಪತ್ರ, ಇವು ಯಾವುವೂ ಕಚೇರಿಗೆ ಬರದಂತೆ ಬದುಕುವುದು ಯಾವ ನೌಕರನಿಗೂ ಸಾಧ್ಯವಿಲ್ಲ.

ಒಂದು ಕಡೆ ಮಾತ್ರ ಈ ನಾಲ್ವರು ನೌಕರನ ಪಕ್ಕ ಗಟ್ಟಿಯಾಗಿ ನಿಂತರು. ನೌಕರ ಹೊರಗಿನಿಂದ ತಂದ, ಮುಚ್ಚಿದ ಚೀಲ, ಕೈಚೀಲ, ಬ್ರೀಫ್‌ಕೇಸು ಕಚೇರಿಯ ಹೊಸಿಲು ದಾಟಿದ ಮಾತ್ರಕ್ಕೆ ಕಚೇರಿಯ ಭಾಗವಾಗುವುದಿಲ್ಲ. ಮೇಜಿನ ತಪಾಸಣೆಗೆ ಹಾಕುವ ಸಡಿಲ ಅಳತೆ ಆ ಚೀಲಕ್ಕೂ ತಾನಾಗಿ ಅನ್ವಯಿಸಬೇಕೆಂದೇನಿಲ್ಲ.

ವಾರಂಟ್ ಯಾಕೆ ಬೇಡ, ಬದಲಿಗೆ ಏನು ಬೇಕು

ಅಪರಾಧದ ತನಿಖೆಯಲ್ಲಿ ಪೊಲೀಸರಿಗೆ ನ್ಯಾಯಾಧೀಶರ ವಾರಂಟ್ ಬೇಕು, ಅದಕ್ಕೆ ತಕ್ಕ ಪ್ರಬಲ ಕಾರಣವೂ ಬೇಕು. ಕಚೇರಿಯ ಮೇಲಧಿಕಾರಿಗೂ ಅದನ್ನೇ ವಿಧಿಸಿದರೆ ಕೆಲಸ ಸಾಗುವುದು ಹೇಗೆ ಎಂದು ನ್ಯಾಯಮೂರ್ತಿ ಓ'ಕಾನರ್ ಕೇಳಿದರು. ರಜೆಯಲ್ಲಿರುವವನ ಮೇಜಿನಿಂದ ತುರ್ತಾಗಿ ಒಂದು ವರದಿ ಬೇಕಾದರೆ ನ್ಯಾಯಾಲಯಕ್ಕೆ ಓಡಲು ಆಗುವುದಿಲ್ಲ. ಈ ವಾದದಲ್ಲಿ ಹುರುಳಿದೆ. ವರದಿ ಹುಡುಕುವವನಿಗೆ ಡ್ರಾಯರು ತೆರೆಯಲು ಬಿಡಲೇಬೇಕು. ದುರ್ನಡತೆಯ ತನಿಖೆಗೂ ಇದೇ ಸಡಿಲಿಕೆ ಕೊಟ್ಟದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಾಗದ ಹುಡುಕಲು ಹೋದವನಿಗೆ ಕಾಗದ ಸಿಕ್ಕ ಕೂಡಲೇ ಕೆಲಸ ಮುಗಿಯಿತು. ತಪ್ಪು ಹುಡುಕಲು ಹೋದವನ ಕೆಲಸ ಏನಾದರೂ ಸಿಗುವ ತನಕ ಮುಗಿಯುವುದೇ ಇಲ್ಲ.

ವಾರಂಟಿನ ಜಾಗದಲ್ಲಿ ಈ ನಾಲ್ವರು ಎರಡು ಪ್ರಶ್ನೆಗಳನ್ನು ಇಟ್ಟರು. 1985ರಲ್ಲಿ ಶಾಲೆಯೊಂದರಲ್ಲಿ ವಿದ್ಯಾರ್ಥಿನಿಯ ಪರ್ಸ್ ತಪಾಸಣೆ ಮಾಡಿದ ಪ್ರಕರಣದಲ್ಲಿ ಬಳಸಿದ ಅಳತೆಯನ್ನೇ ಇಲ್ಲಿಗೂ ತಂದರು. ಶೋಧ ಶುರುವಾದ ಗಳಿಗೆಯಲ್ಲೇ ಅದಕ್ಕೆ ಸಮಂಜಸ ಕಾರಣವಿತ್ತೇ? ಅಂದರೆ, ಇಲ್ಲಿ ಹುಡುಕಿದರೆ ದುರ್ನಡತೆಯ ಪುರಾವೆ ಸಿಗುತ್ತದೆ ಅಥವಾ ಕೆಲಸಕ್ಕೆ ಬೇಕಾದ ವಸ್ತು ಸಿಗುತ್ತದೆ ಎಂದು ನಂಬಲು ಆಧಾರವಿತ್ತೇ? ಶುರುವಾದ ಮೇಲೆ ಅದು ಆ ಕಾರಣದ ಮಿತಿಯೊಳಗೇ ನಡೆಯಿತೇ, ಇಲ್ಲ ದಾರಿ ಬಿಟ್ಟು ಎಲ್ಲೆಲ್ಲಿಗೋ ಹರಡಿತೇ?

ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಕಡತದಲ್ಲಿ ಸಂಗತಿಗಳೇ ಸಾಲವು ಎಂದು ಹೇಳಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೆಳಗೆ ಕಳಿಸಿತು. ಯಾಕೆ ಹುಡುಕಿದರು ಎಂಬುದರಲ್ಲೇ ಎರಡೂ ಕಡೆಯವರಿಗೆ ಒಮ್ಮತವಿರಲಿಲ್ಲ. ಆಸ್ಪತ್ರೆ ‘ಸ್ವತ್ತಿನ ಪಟ್ಟಿಗೆ’ ಎಂದರೆ, ವೈದ್ಯರು ‘ನನ್ನ ವಿರುದ್ಧ ಏನಾದರೂ ಸಿಗುತ್ತದೆಯೇ ಎಂದು ನೋಡಲಿಕ್ಕೆ’ ಎಂದರು.

ಹನ್ನೊಂದು ವರ್ಷದ ನಂತರ

ಮತ್ತೆ ಜಿಲ್ಲಾ ನ್ಯಾಯಾಲಯ, ಮತ್ತೆ ಮೇಲ್ಮನವಿ. ಅಂತೂ ಕೊನೆಗೆ ಪ್ರಕರಣ ಜ್ಯೂರಿಯ, ಅಂದರೆ ತೀರ್ಪು ಹೇಳಲು ಆಯ್ದ ಸಾಮಾನ್ಯ ನಾಗರಿಕರ, ಮುಂದೆ ಬಂತು. ಜ್ಯೂರಿ ವೈದ್ಯರ ಪರ ನಿಂತಿತು. ನಿರ್ದೇಶಕರು ಮತ್ತು ಆಡಳಿತಾಧಿಕಾರಿ ಇಬ್ಬರೂ ಸೇರಿ 3,76,000 ಡಾಲರ್ ಪರಿಹಾರ ಕೊಡಬೇಕು, ಅದರ ಮೇಲೆ ದಂಡರೂಪವಾಗಿ ನಿರ್ದೇಶಕರು 35,000 ಡಾಲರ್, ಆಡಳಿತಾಧಿಕಾರಿ 25,000 ಡಾಲರ್ ತೆರಬೇಕು ಎಂದಿತು. 1998ರಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ವೈದ್ಯರು ಹದಿನೇಳು ವರ್ಷ ಕೆಲಸ ಮಾಡಿದ್ದರು, ನ್ಯಾಯಕ್ಕಾಗಿ ಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಕಾಲ.

ಅಧಿಕಾರಿಗಳನ್ನು ಸೋಲಿಸಿದ್ದು ಅದೇ ಸಡಿಲವಾದ ಎರಡು ಪ್ರಶ್ನೆಗಳು. ತನಿಖೆ ಶುರುವಾಗಿದೆ ಎಂಬುದೊಂದೇ ಕೋಣೆ ಜಾಲಾಡಲು ಪರವಾನಗಿಯಾಗುವುದಿಲ್ಲ. ಆರೋಪ ಯಾವುದು, ಅದರ ಪುರಾವೆ ಈ ಡ್ರಾಯರಿನಲ್ಲಿ ಇರುತ್ತದೆಂದು ಯಾಕೆ ಅನಿಸಿತು, ಇವೆರಡರ ನಡುವೆ ಕೊಂಡಿ ಇರಬೇಕು. ಕಂಪ್ಯೂಟರಿಗೆ ಹಣ ಕೊಟ್ಟವರ ಮೇಲೆ ಒತ್ತಡವಿತ್ತೇ ಎಂದು ತಿಳಿಯಲು ಹಣ ಕೊಟ್ಟವರನ್ನೇ ಕೇಳಬಹುದಿತ್ತು. ಕಿರುಕುಳದ ದೂರು ಗಂಭೀರವಾದದ್ದು, ಅದರ ತನಿಖೆ ಆಗಲೇಬೇಕು. ದೂರಿತ್ತ ಮಹಿಳೆಯರಿಗೆ ಆಸ್ಪತ್ರೆ ಕೊಡಬೇಕಿದ್ದ ಮೊದಲ ಗೌರವವೂ ಅದೇ. ಹಾಗೆಂದು, ಬೇರೊಬ್ಬರು ಕಳಿಸಿದ ಕವನ ಸಂಕಲನಕ್ಕೂ ಆ ದೂರುಗಳಿಗೂ ಏನು ಸಂಬಂಧ? ಹೊರಗಿನ ಖಾಸಗಿ ರೋಗಿಯ ಬಿಲ್ಲಿಗೂ ಕಂಪ್ಯೂಟರಿಗೂ ಏನು ಸಂಬಂಧ? ತಮಗೆ ಏನು ಬೇಕು ಎಂದು ಗೊತ್ತಿಲ್ಲದೆ ಒಳಹೊಕ್ಕವರಿಗೆ ಕೈಗೆ ಸಿಕ್ಕಿದ್ದೆಲ್ಲ ಬೇಕಾದ ವಸ್ತುವಾಗಿಯೇ ಕಂಡಿತು. ಮೊದಲೇ ಒಂದು ಹಾಳೆಯಲ್ಲಿ ‘ಇಂಥ ಆರೋಪ, ಇಂಥ ದಾಖಲೆ, ಇಂಥ ಕಡೆ’ ಎಂದು ಮೂರು ಸಾಲು ಬರೆದುಕೊಂಡಿದ್ದರೆ, ತಾವು ಹೋಗುತ್ತಿರುವುದು ತಪ್ಪು ಕೋಣೆಗೆ ಎಂಬುದು ಅವರಿಗೇ ಹೊಳೆಯುತ್ತಿತ್ತು.

ಇದಕ್ಕೆ ಸರಿಯಾಗಿ ಎದುರಾಗಿ ನಿಲ್ಲುವುದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ‘ಒಂಟಾರಿಯೊ ನಗರ ವಿರುದ್ಧ ಕ್ವಾನ್’ ಪ್ರಕರಣ. ಕ್ಯಾಲಿಫೋರ್ನಿಯಾದ ಒಂಟಾರಿಯೊ ನಗರ ತನ್ನ ಪೊಲೀಸರಿಗೆ ಸಂದೇಶ ಕಳಿಸುವ ಪೇಜರ್ ಕೊಟ್ಟಿತ್ತು. ತಿಂಗಳಿಗೆ 25,000 ಅಕ್ಷರಗಳ ಮಿತಿ. ಕೆಲವರು ಮತ್ತೆ ಮತ್ತೆ ಮಿತಿ ಮೀರಿದಾಗ, ಈ ಮಿತಿಯೇ ಕಡಿಮೆಯಾಯಿತೋ, ಇಲ್ಲ ಸ್ವಂತದ ಸಂದೇಶಗಳೇ ಜಾಸ್ತಿಯೋ ಎಂದು ತಿಳಿಯಲು ಇಲಾಖೆ ಎರಡು ತಿಂಗಳ ಸಂದೇಶಗಳನ್ನು ತರಿಸಿತು. ಪರಿಶೀಲಿಸಿದ ಅಧಿಕಾರಿ ಕರ್ತವ್ಯದ ಅವಧಿಯ ಹೊರಗೆ ಕಳಿಸಿದ ಸಂದೇಶಗಳನ್ನೆಲ್ಲ ಮೊದಲು ಅಳಿಸಿ, ಉಳಿದದ್ದನ್ನು ಮಾತ್ರ ಓದಿದರು. ಒಬ್ಬ ಅಧಿಕಾರಿ ಒಂದು ತಿಂಗಳಲ್ಲಿ ಕರ್ತವ್ಯದ ವೇಳೆಯಲ್ಲಿ ಕಳಿಸಿದ ಮತ್ತು ಪಡೆದ 456 ಸಂದೇಶಗಳಲ್ಲಿ ಕೆಲಸಕ್ಕೆ ಸಂಬಂಧಿಸಿದವು 57ಕ್ಕಿಂತ ಹೆಚ್ಚಿರಲಿಲ್ಲ. ಒಂಬತ್ತೂ ನ್ಯಾಯಮೂರ್ತಿಗಳು ಈ ತಪಾಸಣೆಯನ್ನು ಸರಿ ಎಂದರು. ಇಲ್ಲಿ ಪ್ರಶ್ನೆ ಮೊದಲೇ ಸ್ಪಷ್ಟವಿತ್ತು, ಓದುವ ಕೈ ಒಂದು ಕಡೆ ತಾನಾಗಿ ನಿಂತಿತು. ನ್ಯಾಪಾದಲ್ಲಿ ಇವೆರಡೂ ಇರಲಿಲ್ಲ.

ಖಾಸಗಿ ಕಂಪನಿಯ ನೌಕರನಿಗೆ

ಇಷ್ಟೆಲ್ಲ ರಕ್ಷಣೆ ವೈದ್ಯರಿಗೆ ಸಿಕ್ಕಿದ್ದು ಮಾಲೀಕ ಸರ್ಕಾರವಾಗಿದ್ದರಿಂದ. ನಾಲ್ಕನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಅಂಗಡಿ, ಕಾರ್ಖಾನೆ, ಗೋದಾಮಿನ ಮಾಲೀಕನಿಗೆ ಅದು ತಟ್ಟುವುದಿಲ್ಲ. ಅಮೆರಿಕದಲ್ಲಿ ಹೆಚ್ಚಿನ ಜನ ದುಡಿಯುವುದು ಖಾಸಗಿ ವಲಯದಲ್ಲಿ, ಅಂದರೆ ಈ ಪ್ರಸಿದ್ಧ ತೀರ್ಪು ಅವರಲ್ಲಿ ಹೆಚ್ಚಿನವರ ಕೈಗೆ ಸಿಗುವ ಆಯುಧವಲ್ಲ. ಅವರಿಗಿರುವುದು ರಾಜ್ಯದ ಕಾನೂನು, ಕೆಲಸದ ಕರಾರು, ಯೂನಿಯನ್ ಇದ್ದರೆ ಅದರ ಒಪ್ಪಂದ. ಮೈಮುಟ್ಟಿ ಒರಟಾಗಿ ತಪಾಸಣೆ ಮಾಡಿದರೆ ಹಲ್ಲೆಯ ದಾವೆ, ಕೋಣೆಯಲ್ಲಿ ಕೂಡಿಹಾಕಿದರೆ ಅಕ್ರಮ ಬಂಧನದ ದಾವೆ ಹೂಡಬಹುದು. ಕ್ಯಾಲಿಫೋರ್ನಿಯಾ ಮಾತ್ರ 1972ರಲ್ಲಿ ಖಾಸಗಿತನವನ್ನು ತನ್ನ ರಾಜ್ಯ ಸಂವಿಧಾನಕ್ಕೇ ಸೇರಿಸಿಕೊಂಡಿತು. ಆ ಹಕ್ಕು ಖಾಸಗಿ ಸಂಸ್ಥೆಗಳ ವಿರುದ್ಧವೂ ನಿಲ್ಲುತ್ತದೆ ಎಂದು 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಖಾಸಗಿ ವಲಯದಲ್ಲಿ ಬೀಗ ಯಾರದ್ದು ಎಂಬುದೂ ತೂಕದ ಸಂಗತಿಯಾಗುತ್ತದೆ. 1984ರಲ್ಲಿ ಟೆಕ್ಸಸ್‌ನ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಕೆ-ಮಾರ್ಟ್ ಪ್ರಕರಣದಲ್ಲಿ, ಅಂಗಡಿಯ ಉದ್ಯೋಗಿಯೊಬ್ಬರು ಕಂಪನಿ ಕೊಟ್ಟ ಲಾಕರಿಗೆ ತಮ್ಮದೇ ಬೀಗ ತಂದು ಹಾಕಿದ್ದರು. ಬಿಡುವಿನ ವೇಳೆಯಲ್ಲಿ ಬಂದು ನೋಡಿದರೆ ಬೀಗ ತೆರೆದು ನೇತಾಡುತ್ತಿತ್ತು, ಒಳಗಿದ್ದ ಪರ್ಸಿನ ವಸ್ತುಗಳು ಚೆಲ್ಲಾಪಿಲ್ಲಿಯಾಗಿದ್ದವು. ಕೈಗಡಿಯಾರವೊಂದು ಕಳುವಾಗಿದೆ ಎಂದು ಅಂಗಡಿಯವರು ಲಾಕರುಗಳನ್ನು ಹುಡುಕಿದ್ದರು, ಅನುಮಾನ ಇದ್ದದ್ದು ಬೇರೊಬ್ಬ ನೌಕರನ ಮೇಲೆ. ಸ್ವಂತ ಬೀಗ ಹಾಕಲು ಕಂಪನಿ ಬಿಟ್ಟಿದ್ದರಿಂದ, ಆ ಲಾಕರಿನಲ್ಲೂ ಅದರೊಳಗಿನ ವಸ್ತುಗಳಲ್ಲೂ ಖಾಸಗಿತನ ನಿರೀಕ್ಷಿಸುವ ಹಕ್ಕು ಆಕೆಗಿತ್ತು ಎಂದು ನ್ಯಾಯಾಲಯ ಒಪ್ಪಿತು. ಆದರೆ ಜ್ಯೂರಿಗೆ ಕಾನೂನು ವಿವರಿಸಿದ್ದರಲ್ಲಿ ಲೋಪವಿತ್ತೆಂದು ಪರಿಹಾರದ ಆದೇಶವನ್ನು ರದ್ದುಮಾಡಿ ಮರುವಿಚಾರಣೆಗೆ ಕಳಿಸಿತು.

ಪಾಳಿ ಮುಗಿದು ಹೊರಡುವಾಗ ಬಾಗಿಲಲ್ಲಿ ಚೀಲ ತೋರಿಸಿ ಹೋಗಬೇಕೆಂಬ ನಿಯಮ ಈಗ ಎಷ್ಟೋ ಕಡೆ ಇದೆ. ಮೊದಲೇ ತಿಳಿಸಿ, ಎಲ್ಲರಿಗೂ ಒಂದೇ ಸಮನಾಗಿ ಮಾಡಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಆಗ ಜಗಳ ಸರದಿಯಲ್ಲಿ ಕಾದ ಹೊತ್ತಿನ ಕೂಲಿಯ ಕಡೆಗೆ ಹೊರಳುತ್ತದೆ. ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದ ಗುತ್ತಿಗೆ ನೌಕರರು ತಪಾಸಣೆಗೆ ದಿನಕ್ಕೆ ಸುಮಾರು 25 ನಿಮಿಷ ಕಾಯುತ್ತಿದ್ದೇವೆಂದು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಸರ್ವಾನುಮತದಿಂದ ತಳ್ಳಿಹಾಕಿತು. ಫೆಡರಲ್ ಕಾನೂನಿನಡಿ ಆ ಹೊತ್ತಿಗೆ ಕೂಲಿ ಇಲ್ಲ ಎಂದಿತು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆಪಲ್ ಅಂಗಡಿಗಳ ನೌಕರರ ಪ್ರಕರಣದಲ್ಲಿ 2020ರಲ್ಲಿ ರಾಜ್ಯದ ಕಾನೂನಿನಡಿ ಇದಕ್ಕೆ ವಿರುದ್ಧವಾಗಿ ತೀರ್ಮಾನಿಸಿತು. ಮಾಲೀಕನ ಹಿಡಿತದಲ್ಲಿ ಕಳೆದ ಹೊತ್ತೆಲ್ಲ ಕೆಲಸದ ಹೊತ್ತು, ಅದಕ್ಕೆ ಸಂಬಳ ಕೊಡಬೇಕು ಎಂದಿತು. ಚೀಲ ತರದೆ ಬಂದರೆ ತಪಾಸಣೆಯೇ ಇರುವುದಿಲ್ಲವಲ್ಲ ಎಂಬ ಕಂಪನಿಯ ವಾದ ಅಲ್ಲಿ ನಿಲ್ಲಲಿಲ್ಲ. ‘ಮನೆಯಲ್ಲೇ ಬಿಟ್ಟು ಬರಲಿ’ ಎಂಬ 1987ರ ಮಾತಿಗೆ ಇದು ತಡವಾಗಿ ಸಿಕ್ಕ ಉತ್ತರ ಎಂದು ನಾನು ಭಾವಿಸುತ್ತೇನೆ.

ಇನ್ನು ಸರ್ಕಾರಿ ನೌಕರರ ವಿಷಯ. 1987ರ ತೀರ್ಪಿನಲ್ಲಿ ಕಾರಣಗಳನ್ನು ಪ್ರತ್ಯೇಕವಾಗಿ ಬರೆದ ಸ್ಕಾಲಿಯಾ ಅವರ ಪ್ರಕಾರ ಸರ್ಕಾರಿ ಕಚೇರಿಗಳಿಗೆ ಸಂವಿಧಾನದ ರಕ್ಷಣೆ ಸಾಮಾನ್ಯವಾಗಿಯೇ ಇದೆ, ಪ್ರಕರಣಕ್ಕೊಂದು ಲೆಕ್ಕ ಹಾಕುವ ಅಗತ್ಯವಿಲ್ಲ. ಆದರೆ ಖಾಸಗಿ ಮಾಲೀಕ ಮಾಡಿದರೆ ಸಹಜ ಎನಿಸುವಂಥ ಶೋಧವನ್ನು ಸರ್ಕಾರ ಮಾಡಿದರೂ ಅದು ಸಂವಿಧಾನಕ್ಕೆ ವಿರುದ್ಧವಲ್ಲ. ಈ ಅಳತೆಯೋ, ಓ'ಕಾನರ್ ಅವರ ಅಳತೆಯೋ, ಯಾವುದು ಕಾನೂನು? 2010ರ ಪೇಜರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಇದನ್ನು ತೀರ್ಮಾನಿಸುವ ಅವಕಾಶ ಸಿಕ್ಕಿತ್ತು. ಎರಡರಲ್ಲಿ ಯಾವುದನ್ನು ಹಾಕಿದರೂ ಫಲಿತಾಂಶ ಒಂದೇ ಎಂದು ಹೇಳಿ, ಪ್ರಶ್ನೆಯನ್ನು ಹಾಗೆಯೇ ಬಿಟ್ಟಿತು.